ಮಂಗನ ಕಾಯಿಲೆಯೂ ದೈವದ ಮುನಿಸೂ

ಆಷಾಢದ ಮಳೆ ಹಿಡಿದು ಎಂಟು ದಿನ ಬಿಡದೆ ಸುರಿಯಿತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಅಡಿಕೆ ತೋಟಿಗರಿಗೆ ಸುಖನಿದ್ರೆಯಿಲ್ಲ. ಬೆಳಗ್ಗೆ ತೋಟಕ್ಕಿಳಿದವರ ದೃಷ್ಟಿ ಮರದ ತುದಿಗಿಂತ ಮೊದಲು ನೆಲದ ಮೇಲೆ ಹರಿಯುತ್ತದೆ. ಎಳೆಯ ಹಸಿರುಕಾಯಿಗಳು ಉದುರಿ ಬಿದ್ದಿದ್ದು, ತೊಟ್ಟಿನ ಬಳಿ ನೀರುಂಡಂತಹ ಕಲೆಯೂ ಮೇಲೆ ಬಿಳಿಯ ಬೂಷ್ಟೂ ಕಂಡರೆ ಕೊಳೆರೋಗ ತಗುಲಿತೆಂದೇ ತಿಳಿಯಬೇಕು. ವರ್ಷದ ಅನ್ನ ಕೆಲವೇ ದಿನಗಳಲ್ಲಿ ಮಣ್ಣುಪಾಲಾಗುವುದನ್ನು ಕಣ್ಣಾರೆ ಕಾಣಬೇಕಾದ ಸಂಕಟ ಅದು.

ಇಲ್ಲೊಂದು ಸ್ವಾರಸ್ಯವಿದೆ. ಅಡಿಕೆಯನ್ನು ಸುಲಿಯುವುದಕ್ಕಾಗಲಿ ಬೇಯಿಸುವುದಕ್ಕಾಗಲಿ ಯಾರೂ ಹರಕೆ ಹೊರುವುದಿಲ್ಲ. ಅವು ಕೈಗೆ ಒಗ್ಗಿದ ಕೆಲಸಗಳು. ತಪ್ಪಾದರೆ ಎಲ್ಲಿ ತಪ್ಪಿತೆಂದು ಗೊತ್ತಾಗುತ್ತದೆ. ತೋಟದಂಚಿನ ಚೌಡಿ ನೆನಪಾಗುವುದು ಫಸಲು ಆಕಾಶದ ಕೈಗೆ ಸಿಕ್ಕಿದಾಗ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಶಾಂತಸಾಗರದ ಟ್ರೋಬ್ರಿಯಂಡ್ ದ್ವೀಪಗಳಲ್ಲಿ ನೆಲೆಸಿದ್ದ ಮಾನವಶಾಸ್ತ್ರಜ್ಞ ಮಲಿನೋವ್ಸ್ಕಿ ಇದನ್ನೇ ಕಂಡನು. ಹಿನ್ನೀರಿನಲ್ಲಿ ನಿರಾಯಾಸವಾಗಿ ಮೀನು ಹಿಡಿಯುವಾಗ ಅಲ್ಲಿನ ಜನ ಮಂತ್ರದ ಗೊಡವೆಗೆ ಹೋಗುತ್ತಿರಲಿಲ್ಲ; ಅಪಾಯದ ತೆರೆಗಡಲಿಗೆ ದೋಣಿ ಇಳಿಸುವಾಗ ಮಾತ್ರ ಮಂತ್ರವಿಲ್ಲದೆ ಹೆಜ್ಜೆ ಇಡುತ್ತಿರಲಿಲ್ಲ. ಮೂಢನಂಬಿಕೆಯೆಂದರೆ ಹಳ್ಳಿಗನ ಅಜ್ಞಾನವೆಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವ ಪಟ್ಟಣಿಗರು ಇದನ್ನು ಸ್ವಲ್ಪ ಆಲೋಚಿಸಬೇಕು. ಅಜ್ಞಾನವೊಂದೇ ಕಾರಣವಾಗಿದ್ದರೆ ಅದೇ ಮನುಷ್ಯ ಹಿನ್ನೀರಿನಲ್ಲಿ ವಿವೇಕಿಯೂ ಕಡಲಿನಲ್ಲಿ ಮೂಢನೂ ಆಗುವುದು ಹೇಗೆ?

ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ 1910ರ ಸುಮಾರಿಗೆ ಕೊಳೆರೋಗದ ಸೂಕ್ಷ್ಮಜೀವಿಯನ್ನು ಅಭ್ಯಸಿಸಿ, ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಮಲೆನಾಡಿಗೆ ಪರಿಚಯಿಸಿದನು. ಮಳೆಗಾಲಕ್ಕೆ ಮುನ್ನ ಕೊನೆಗಳಿಗೆ ಮದ್ದು ಹೊಡೆಯುವುದು ಇಂದು ಎಲ್ಲ ತೋಟಗಳ ವಾಡಿಕೆ. ಹಾಗೆಂದು ಚೌಡಿಯ ಕಲ್ಲನ್ನು ಯಾರೂ ಕಿತ್ತೆಸೆಯಲಿಲ್ಲ. ಮದ್ದನ್ನೂ ಹೊಡೆದರು, ಕಾಯನ್ನೂ ಒಡೆದರು. ಇದರಿಂದ ಯಾರಿಗೂ ಕೇಡಾಗಲಿಲ್ಲ.

ಆದರೆ ಕೇಡಾಗುವ ಎಡೆಯೂ ಉಂಟು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಹತ್ತಿರದ ಹಳ್ಳಿಗಳ ಜನ ಉರಿಜ್ವರದಿಂದ ಮಲಗಿದರು. ಸೊರಬದ ಗಡಿ ದಾಟಿದರೆ ಸಿದ್ದಾಪುರ. ಒಂದೇ ಕಾಡು, ಒಂದೇ ಬಗೆಯ ಬದುಕು. ಸೊಪ್ಪಿನ ಬೆಟ್ಟದಿಂದ ದರಕು ತರುವವರು, ಸೌದೆಗೆ ಹೋಗುವವರು, ದನ ಕಾಯುವವರು ಈ ಜ್ವರಕ್ಕೆ ಮೊದಲು ತುತ್ತಾದರು. ಯಾರ ಶಾಪವೋ, ಯಾವ ದೈವದ ಮುನಿಸೋ ಎಂಬ ಪ್ರಶ್ನೆ ಏಳದೆ ಹೋಗಿದ್ದರೆ ಆಶ್ಚರ್ಯಪಡಬೇಕಾಗಿತ್ತು.

ಪಂಡಿತರೂ ಆಗ ಊಹೆಯನ್ನೇ ಮಾಡುತ್ತಿದ್ದರೆಂಬುದನ್ನು ಮರೆಯಬಾರದು. ಮೊದಲು ಇದನ್ನು ವಿಷಮಶೀತಜ್ವರವೆಂದು ಶಂಕಿಸಿದರು. ಮಂಗಗಳೂ ಸಾಯುತ್ತಿದ್ದುದರಿಂದ, ಭಾರತವನ್ನು ಎಂದೂ ಹೊಗದ ಹಳದಿ ಜ್ವರವೇ ಬಂದಿತೇ ಎಂಬ ದಿಗಿಲೂ ಹುಟ್ಟಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಕಾಡಿಗೆ ಬಂದು, ರೋಗಿಗಳ ಮತ್ತು ಮಂಗಗಳ ರಕ್ತವನ್ನು ಪರೀಕ್ಷಿಸಿ, ಎರಡು ಊಹೆಗಳನ್ನೂ ಕೈಬಿಟ್ಟರು. ಸಿಕ್ಕಿದ್ದು ಹೊಸ ವೈರಸ್ಸು, ರಷ್ಯದ ಕಾಡುಗಳ ಮೆದುಳು ಜ್ವರದ ವೈರಸ್ಸಿನ ದಾಯಾದಿ. ಅದನ್ನು ಹರಡುವುದು ಕಾಡಿನ ಉಣುಗು. ಹಳ್ಳಿಗನೂ ಊಹಿಸಿದನು, ವಿಜ್ಞಾನಿಯೂ ಊಹಿಸಿದನು. ವಿಜ್ಞಾನಿಯ ಊಹೆಗೆ ಸುಳ್ಳಾಗಿ ಬಿದ್ದುಹೋಗಲು ಎಡೆಯಿತ್ತು. ದೈವದ ಮುನಿಸಿಗೆ ಅದಿರಲಿಲ್ಲ. ಪೂಜೆಯ ಬಳಿಕ ಜ್ವರ ಬಿಟ್ಟರೆ ದೈವ ಒಲಿಯಿತು, ಬಿಡದಿದ್ದರೆ ಪೂಜೆಯಲ್ಲಿ ಲೋಪವಾಯಿತು. ಯಾವ ಪರಿಣಾಮ ಬಂದರೂ ನಂಬಿಕೆಯೇ ಗೆಲ್ಲುವಂತಹ ಲೆಕ್ಕವಿದು.

ಈ ಕಾಯಿಲೆಯ ನಡೆಯೂ ಆ ಲೆಕ್ಕಕ್ಕೆ ಹೇಳಿ ಮಾಡಿಸಿದಂತಿದೆ. ಥಟ್ಟನೆ ಜ್ವರ, ತಲೆನೋವು, ಮೈಕೈ ನೋವು, ಕೆಲವರಿಗೆ ರಕ್ತಸ್ರಾವ. ವಾರವೋ ಎರಡು ವಾರವೋ ಕಳೆದ ಮೇಲೆ ಹೆಚ್ಚಿನವರಿಗೆ ಜ್ವರ ತಾನಾಗಿ ಇಳಿಯುತ್ತದೆ. ಸಾವು ನೂರಕ್ಕೆ ಮೂರರಿಂದ ಐದರಷ್ಟು ಎಂಬುದು ಸಾಮಾನ್ಯ ಅಂದಾಜು. ಅಂದರೆ ತಾಯಿತ ಕಟ್ಟಿದರೂ, ಕಟ್ಟದಿದ್ದರೂ, ನೂರರಲ್ಲಿ ತೊಂಬತ್ತೈದು ಮಂದಿ ಎದ್ದು ಕೂಡುವವರೇ. ಎದ್ದವರ ತೋಳಿನಲ್ಲಿ ತಾಯಿತವಿದ್ದರೆ ಕೀರ್ತಿ ಅದಕ್ಕೆ. ಇನ್ನೂ ಕ್ರೂರವಾದ ಸಂಗತಿಯೆಂದರೆ, ಚೇತರಿಸಿಕೊಂಡಂತೆ ಕಂಡ ಕೆಲವರಿಗೆ ಮೂರನೆಯ ವಾರದ ಹೊತ್ತಿಗೆ ಜ್ವರ ಮರಳುತ್ತದೆ. ಈ ಬಾರಿ ತೀವ್ರ ತಲೆನೋವು, ನಡುಕ, ಬುದ್ಧಿಭ್ರಮೆಗಳೊಂದಿಗೆ. ಹರಕೆ ತೀರಿಸುವುದು ತಡವಾಯಿತೆಂದು ಮನೆಯವರು ಮತ್ತೆ ಪೂಜೆಗೆ ಅಣಿಯಾಗುವುದೂ, ರೋಗಿಯನ್ನು ಆಸ್ಪತ್ರೆಗೆ ಒಯ್ಯಲೇಬೇಕಾದ ಗಳಿಗೆಯೂ ಒಂದೇ ಆಗಿಬಿಡುತ್ತದೆ. ಈ ವೈರಸ್ಸಿಗೆಂದೇ ಇರುವ ಔಷಧಿಯಿಲ್ಲ. ದೇಹದ ನೀರಿನಂಶ ಕಾಯುವುದು, ರಕ್ತಸ್ರಾವಕ್ಕೆ ತಕ್ಕ ಆರೈಕೆ ಮಾಡುವುದು, ಇಷ್ಟೇ ಚಿಕಿತ್ಸೆ. ಹೊತ್ತು ಮೀರಿದರೆ ಅದೂ ನಿಷ್ಫಲ.

ಕಾಕತಾಳೀಯವನ್ನು ಕಾರಣವೆಂದು ಎಣಿಸುವುದು ಮನುಷ್ಯನ ದೋಷವೊಂದೇ ಅಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಕಿನ್ನರ್ 1948ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹಸಿದ ಎಂಟು ಪಾರಿವಾಳಗಳಿಗೆ, ಅವು ಏನು ಮಾಡಿದರೂ ಮಾಡದಿದ್ದರೂ, ಗೊತ್ತಾದ ಅಂತರಕ್ಕೊಮ್ಮೆ ಕಾಳು ಬೀಳುವ ಏರ್ಪಾಡಿತ್ತು. ಎಂಟರಲ್ಲಿ ಆರು ಹಕ್ಕಿಗಳು ತಮ್ಮ ತಮ್ಮದೇ ‘ವ್ರತ’ ಹಿಡಿದವು. ಒಂದು ಪಂಜರದಲ್ಲಿ ಸುತ್ತು ಹಾಕುತ್ತಿತ್ತು; ಇನ್ನೊಂದು ಮೂಲೆಯತ್ತ ತಲೆ ಚಾಚುತ್ತಿತ್ತು. ಕಾಳು ಬಿದ್ದ ಕ್ಷಣದಲ್ಲಿ ಏನು ಮಾಡುತ್ತಿದ್ದವೋ ಅದರಿಂದಲೇ ಕಾಳು ಬಂತೆಂಬಂತಿತ್ತು ಅವುಗಳ ವರ್ತನೆ. ಸ್ಕಿನ್ನರನ ವಿವರಣೆಯನ್ನು ಬಳಿಕದವರು ಪ್ರಶ್ನಿಸಿದ್ದಾರೆ. ಆದರೂ ಪರೀಕ್ಷೆಗೆ ಪಾಸಾದ ದಿನ ಹಾಕಿದ್ದ ಅಂಗಿಯನ್ನೇ ಮುಂದಿನ ಪರೀಕ್ಷೆಗೂ ಹುಡುಕುವ ನಮ್ಮ ಮಕ್ಕಳನ್ನು ಕಂಡಾಗ ಆ ಪಾರಿವಾಳಗಳ ನೆನಪು ಬಾರದಿರದು.

ಆದರೆ ಹಳ್ಳಿಗನ ಮಾತೆಲ್ಲ ಪಾರಿವಾಳದ ಸುತ್ತಾಟವಲ್ಲ. 1982ರಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರು ತೋಪಿಗಾಗಿ ಕಾಡು ಕಡಿದ ಬೆನ್ನಿಗೇ ಅಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಿತು. ನೆಲೆ ತಪ್ಪಿದ ದೈವಗಳು ಮುನಿದವೆಂದು ಜನ ನಂಬಿದರು. ಅಲ್ಲಿ ಅಧ್ಯಯನ ನಡೆಸಿದ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ 1987ರಲ್ಲಿ ಇದನ್ನು ದಾಖಲಿಸಿದ್ದಾರೆ. ಈಗ ವಿಜ್ಞಾನಿಗಳು ಏನನ್ನುತ್ತಾರೆ ನೋಡಿ: ಕಾಡು ಕಡಿದು, ದನಗಳನ್ನು ಒಳಹೊಗಿಸಿ, ಮನುಷ್ಯನೂ ಮಂಗನೂ ಉಣುಗೂ ಒಂದೇ ಅಂಚಿನಲ್ಲಿ ಕೂಡುವಂತೆ ಮಾಡಿದ್ದೇ ರೋಗ ಹಬ್ಬಲು ದಾರಿಯಾಯಿತು. ಕಾಡು ಕೆಡಿಸಿದ್ದಕ್ಕೆ ಬಂದ ಫಲವಿದು ಎಂಬ ಮಟ್ಟಿಗೆ ಇಬ್ಬರದೂ ಒಂದೇ ಮಾತು. ಹಳ್ಳಿಗನ ಕಣ್ಣು ಸರಿಯಾಗಿಯೇ ಕಂಡಿತ್ತು. ಕಂಡುದಕ್ಕೆ ಇಟ್ಟ ಹೆಸರು ಬೇರೆ. ಸಿದ್ದಾಪುರ, ಶಿರಸಿಗಳ ಕಡೆಯ ಅನೇಕ ಕಾನುಗಳು ದೇವರ ಭಯದಿಂದಲೇ ಕೊಡಲಿಯಿಂದ ಉಳಿದವು. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಿಂದ 2000ದಲ್ಲಿ ಸಸ್ಯಶಾಸ್ತ್ರಜ್ಞರು ಲೋಕಕ್ಕೇ ಹೊಸದಾದ ಮರದ ಪ್ರಭೇದವೊಂದನ್ನು ವರ್ಣಿಸಿದರು. ಕಾನನ್ನು ಉಳಿಸಿದ ಭಯವೂ ರೋಗಿಯನ್ನು ಮನೆಯಲ್ಲೇ ಉಳಿಸಿದ ಭಯವೂ ಒಂದೇ ಬೇರಿನಿಂದ ಚಿಗುರಿದವು ಎಂಬುದು ನಮ್ಮ ಸುಧಾರಕರಿಗೆ ಅನುಕೂಲವಾದ ಸತ್ಯವಲ್ಲ.

ಇನ್ನೊಂದು ಮಾತು. ವಿಜ್ಞಾನವು ಉಣುಗು ಕಚ್ಚಿತೆಂದು ಹೇಳುತ್ತದೆ. ಒಂದೇ ಬೆಟ್ಟದಲ್ಲಿ ನಾಲ್ವರು ದರಕು ಗುಡಿಸಿದಾಗ ನನ್ನ ಮಗನನ್ನೇ ಅದು ಏಕೆ ಕಚ್ಚಿತೆಂದು ಕೇಳಿದರೆ ಅದಕ್ಕೆ ಉತ್ತರವಿಲ್ಲ. ಈ ಜ್ವರ ಮನುಷ್ಯನಿಂದ ಮನುಷ್ಯನಿಗೆ ಅಂಟುವುದಿಲ್ಲವಾದುದರಿಂದ ಮನೆಯಲ್ಲಿ ಒಬ್ಬನು ಮಲಗಿ ಉಳಿದವರು ಗಟ್ಟಿಯಾಗಿರುವುದು ಸಾಮಾನ್ಯ. ಆ ತಾಯಿಗೆ ಬೇಕಾದ ಉತ್ತರವನ್ನು ಕೊಡುವವನು ನಿಮಿತ್ತ ಹೇಳುವವನೊಬ್ಬನೇ.

ಸರ್ಕಾರಿ ಮದ್ದಿನ ಕಥೆಯೂ ಅವಳ ಧೈರ್ಯ ಹೆಚ್ಚಿಸುವಂತಿರಲಿಲ್ಲ. 1990ರ ದಶಕದಿಂದ ಕೊಡುತ್ತ ಬಂದ ಲಸಿಕೆ ನೋವಿನದು, ಎರಡು ಬಾರಿ ಚುಚ್ಚಿಸಿಕೊಂಡ ಮೇಲೂ ಮತ್ತೆ ಮತ್ತೆ ಹಾಕಿಸಿಕೊಳ್ಳಬೇಕಿತ್ತು, ರಕ್ಷಣೆಯೂ ಅರೆಬರೆ. ಇತ್ತೀಚಿನ ವರ್ಷಗಳಲ್ಲಿ ಅದರ ಬಳಕೆಯೇ ನಿಂತಿತು. ಲಸಿಕೆ ಬೇಡವೆಂದವರನ್ನೆಲ್ಲ ಮೂಢರ ಪಟ್ಟಿಗೆ ಸೇರಿಸಿದ್ದು ದುಡುಕು. 2024ರಲ್ಲಿಯೂ ಸಿದ್ದಾಪುರ ತಾಲ್ಲೂಕಿನಲ್ಲಿ ಈ ಕಾಯಿಲೆಯಿಂದ ಸಾವುಗಳಾದವು.

ನಂಬಿಕೆ ಬದಲಾಗುವುದೇ ಇಲ್ಲವೆಂದಲ್ಲ. ಶಿರಸಿಯ ಮಾರಿಕಾಂಬೆಯ ಜಾತ್ರೆಯಲ್ಲಿ ಕೋಣವನ್ನು ಬಲಿ ಕೊಡುವ ಪದ್ಧತಿಯಿತ್ತು. ಬಲಿ ತಪ್ಪಿದರೆ ಊರಿಗೆ ಮಾರಿ ಬಡಿಯುವುದೆಂಬುದು ಇಂತಹ ಪದ್ಧತಿಗಳ ಹಿಂದಿನ ಭಯ. 1934ರಲ್ಲಿ ಹರಿಜನ ಯಾತ್ರೆಯ ಸಂದರ್ಭದಲ್ಲಿ ಶಿರಸಿಗೆ ಬಂದ ಗಾಂಧೀಜಿ, ಬಲಿಯ ಕಾರಣದಿಂದ ಆ ಗುಡಿಯನ್ನು ಹೊಗಲೊಪ್ಪಲಿಲ್ಲ. ಊರಿನ ಹಿರಿಯರೇ ಮುಂದಾಗಿ ಬಲಿಯನ್ನು ನಿಲ್ಲಿಸಿದರು. ಜಾತ್ರೆ ನಿಲ್ಲಲಿಲ್ಲ, ಎರಡು ವರ್ಷಗಳಿಗೊಮ್ಮೆ ಇಂದಿಗೂ ಜನಸಾಗರ ಸೇರುತ್ತದೆ. ಮಾರಿಯ ಮುನಿಸೆಂದು ಜನ ಹೆದರುತ್ತಿದ್ದ ಸಿಡುಬು 1975ರಲ್ಲಿ ಭಾರತವನ್ನು ಬಿಟ್ಟಿತು. 1980ರಲ್ಲಿ ಲೋಕದಿಂದಲೇ ನಿರ್ಮೂಲವಾಯಿತೆಂದು ಘೋಷಣೆಯಾಯಿತು. ಭಯ ಹೋದ ಮೇಲೂ ಭಕ್ತಿ ಉಳಿಯಿತು. ಮೌಢ್ಯವನ್ನು ತೆಗೆದರೆ ದೇವರೇ ಹೋದಾನೆಂದು ಅಂಜುವವರಿಗೆ ಶಿರಸಿಯನ್ನು ತೋರಿಸಬಹುದು.

ಕಾನೂನೂ ತನ್ನ ಕೆಲಸ ಮಾಡಿದೆ. ಅಮಾನವೀಯ ಆಚರಣೆಗಳನ್ನೂ ವಾಮಾಚಾರವನ್ನೂ ತಡೆಯುವ ಕಾಯಿದೆಯನ್ನು ಕರ್ನಾಟಕ 2017ರಲ್ಲಿ ಅಂಗೀಕರಿಸಿತು. ಅದಕ್ಕೂ ಬಹಳ ಮೊದಲು, 1976ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು ಪವಾಡಗಳ ಪರೀಕ್ಷೆಗೆ ಸಮಿತಿಯನ್ನು ರಚಿಸಿದ್ದರು. ಆಗ ಅವರ ಮೇಲೆ ಸಿಟ್ಟಾದವರಲ್ಲಿ ಓದುಬರಹ ಬಲ್ಲವರಿಗೆ ಕೊರತೆಯಿರಲಿಲ್ಲ.

ಕ್ಯಾಸನೂರಿನ ಕಾಡಿಗೇ ಮರಳುವುದಾದರೆ, ಅಲ್ಲಿ ಇನ್ನೊಂದು ಸೂಕ್ಷ್ಮವಾದ ತೊಡಕಿದೆ. ನಮ್ಮ ನಾಡಿನ ಎಷ್ಟೋ ಊರುಗಳಲ್ಲಿ ಸತ್ತ ಮಂಗನನ್ನು ಹನುಮನೆಂದು ಭಾವಿಸಿ, ಹೂವಿಟ್ಟು, ಹೊತ್ತು ಒಯ್ದು ಸಂಸ್ಕಾರ ಮಾಡುವುದುಂಟು. ಆದರೆ ಮಂಗನ ಕಾಯಿಲೆಯ ಸೀಮೆಯಲ್ಲಿ ಹೆಣದ ಮೈ ತಣಿಯುತ್ತಿದ್ದಂತೆ ಉಣುಗುಗಳು ಕಳಚಿ ಬಿದ್ದು ಸುತ್ತಲಿನ ತರಗೆಲೆಯಲ್ಲಿ ಬೇರೆ ಬಿಸಿಮೈಗಾಗಿ ಕಾಯುತ್ತವೆ. ಆದ್ದರಿಂದ ಹೆಣವನ್ನು ಮುಟ್ಟದೆ ಆರೋಗ್ಯ ಇಲಾಖೆಗೆ ಸುದ್ದಿ ಮುಟ್ಟಿಸಬೇಕು. ಅವರು ಬಂದು ಸುತ್ತಲಿನ ನೆಲಕ್ಕೆ ಕೀಟನಾಶಕದ ಪುಡಿ ಎರಚುತ್ತಾರೆ. ಕಾಡಿಗೆ ಹೋಗುವವರು ಮೈಮುಚ್ಚುವ ಬಟ್ಟೆ ತೊಟ್ಟು, ಉಣುಗು ಹತ್ತದಂತೆ ಕೈಕಾಲಿಗೆ ಎಣ್ಣೆ ಸವರಿಕೊಂಡು, ಮನೆಗೆ ಬಂದೊಡನೆ ಬಿಸಿನೀರಿನಲ್ಲಿ ಮೀಯಬೇಕು. ಇದು ನವೆಂಬರಿನಿಂದ ಮೇ ತಿಂಗಳವರೆಗಿನ ಮಾತು. ಹನುಮನಿಗೆ ಕೈಮುಗಿಯಬೇಕೆನ್ನುವವರು ದೂರದಿಂದಲೇ ಮುಗಿಯಬಹುದು. ಅದಕ್ಕೆ ಆರೋಗ್ಯ ಇಲಾಖೆಯ ಆಕ್ಷೇಪಣೆಯಿಲ್ಲ.