ಹೊಟ್ಟೆಯೊಳಗೆ ಹರಡಿದ ಜಠರದ ಕ್ಯಾನ್ಸರಿಗೆ ಆಪರೇಷನ್ ಬೇಕೆ?



ಜಠರದಲ್ಲಿ ಕ್ಯಾನ್ಸರ್ ಗಡ್ಡೆ ಇದೆ ಎಂದೊಡನೆ ನಮ್ಮ ತಾಳವಾಡಿ ಸೀಮೆಯಲ್ಲಿ ಹೇಳುವ ಮೊದಲ ಮಾತು, ‘ಕೊಯ್ದು ತೆಗೆಸಿಬಿಡಿ’. ಆಪರೇಷನ್ ಖರ್ಚಿಗೆಂದು ಒಡವೆ ಅಡವಿಡಲು ಬಂದವರನ್ನು ನಾನು ಬ್ಯಾಂಕಿನ ಕೆಲಸದಲ್ಲಿದ್ದಾಗ ಬಹಳ ನೋಡಿದ್ದೇನೆ. ಸಾಲ ಮಾಡುವ ಮುನ್ನ ತಿಳಿಯಬೇಕಾದ ವಿಷಯ ಒಂದಿದೆ: ಕಾಯಿಲೆ ಜಠರದಲ್ಲೇ ಇದೆಯೇ, ಹೊಟ್ಟೆಯೊಳಗೆ ಹರಡಿದೆಯೇ?

ನಮ್ಮ ಕರುಳು, ಜಠರಗಳನ್ನು ತೆಳುವಾದ ಪೊರೆಯೊಂದು ಹೊದ್ದುಕೊಂಡಿದೆ. ಜಠರದ ಒಳಪದರದಲ್ಲಿ ಹುಟ್ಟಿದ ಕ್ಯಾನ್ಸರ್ ಗೋಡೆ ದಾಟಿ ಹೊರಬಂದರೆ, ಅದರ ಕಣಗಳು ಉದುರಿ ಈ ಪೊರೆಯ ಮೇಲೆ ಬೇರೂರುತ್ತವೆ. ಹೊಟ್ಟೆಯಲ್ಲಿ ನೀರೂ ತುಂಬಬಹುದು. ರಾಗಿ ಹೊಲದಲ್ಲಿ ಕಳೆ ಬೀಜ ಉದುರಿಸಿದ ಮೇಲೆ ತಾಯಿ ಗಿಡವೊಂದನ್ನು ಕಿತ್ತರೆ ಸಾಲದು, ಹಾಗೆಯೇ ಇದು.

1881ರ ಜನವರಿ 29ರಂದು ವಿಯೆನ್ನಾದಲ್ಲಿ ಥಿಯೋಡರ್ ಬಿಲ್ರೋತ್ ಎಂಬ ವೈದ್ಯರು ಕ್ಯಾನ್ಸರ್ ಇದ್ದ ಜಠರದ ಭಾಗವನ್ನು ತೆಗೆದು ಮೊದಲ ಬಾರಿಗೆ ಯಶಸ್ಸು ಕಂಡರು. ಆ ಹೆಂಗಸು ಆಪರೇಷನ್ನಿನಿಂದ ಚೇತರಿಸಿಕೊಂಡರು. ಆದರೆ ಕಾಯಿಲೆ ಹರಡಿ ಸುಮಾರು ನಾಲ್ಕು ತಿಂಗಳಲ್ಲಿ ತೀರಿಕೊಂಡರು.

ಜಪಾನ್, ಕೊರಿಯ, ಸಿಂಗಪುರಗಳಲ್ಲಿ ಕ್ಯಾನ್ಸರ್ ಹರಡಿದ್ದ 175 ರೋಗಿಗಳ ಮೇಲೆ ನಡೆದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಮೊದಲು ಜಠರ ತೆಗೆದು ಆಮೇಲೆ ಕೀಮೋ ಔಷಧಿ ಕೊಟ್ಟವರು, ಬರೀ ಔಷಧಿ ಪಡೆದವರಿಗಿಂತ ಹೆಚ್ಚು ಕಾಲ ಬದುಕಲಿಲ್ಲ. ಹೀಗಾಗಿ ಹರಡಿದ ಕಾಯಿಲೆಗೆ ಮೊದಲ ಚಿಕಿತ್ಸೆ ಔಷಧಿಯೇ.

ಕಾಣುವ ಗಂಟುಗಳನ್ನೆಲ್ಲ ತೆಗೆದು, ಕಾಯಿಸಿದ ಕೀಮೋ ಔಷಧಿಯನ್ನು ಹೊಟ್ಟೆಯೊಳಗೆ ಹರಿಸುವ ಪದ್ಧತಿಯೂ ಇದೆ. ಇದು ದೊಡ್ಡ ಆಪರೇಷನ್. ಕಾಯಿಲೆ ಸ್ವಲ್ಪವೇ ಹರಡಿದ್ದು, ಔಷಧಿಗೆ ಬಗ್ಗಿದ್ದರೆ ಆಯ್ದ ಕೆಲವರಿಗೆ ಮಾತ್ರ ಯೋಚಿಸುತ್ತಾರೆ. ಗಂಟು ತೆಗೆದವರಿಗೆ ಬಿಸಿ ಔಷಧಿ ಹರಿಸಿದ್ದರಿಂದ ಆಯುಷ್ಯ ಹೆಚ್ಚಲಿಲ್ಲ ಎಂದು 2023ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನ ಹೇಳಿತು.

ಹಾಗೆಂದು ಆಪರೇಷನ್ ಬೇಡವೇ ಬೇಡ ಎಂದಲ್ಲ. ಜಠರದ ಬಾಯಿ ಕಟ್ಟಿ ತಿಂದದ್ದೆಲ್ಲ ವಾಂತಿಯಾದರೆ, ಊಟ ಕರುಳಿಗಿಳಿಯಲು ಬೇರೆ ದಾರಿ ಮಾಡುತ್ತಾರೆ, ಇಲ್ಲವೇ ಎಂಡೋಸ್ಕೋಪಿಯಲ್ಲಿ ಕೊಳವೆ ಇಡುತ್ತಾರೆ. ನಿಲ್ಲದ ರಕ್ತಸ್ರಾವಕ್ಕೂ ಒಮ್ಮೊಮ್ಮೆ ಬೇಕಾಗುತ್ತದೆ. ಇದು ಕಾಯಿಲೆ ವಾಸಿಮಾಡಲು ಅಲ್ಲ, ಸಂಕಟ ತಗ್ಗಿಸಲು.

ಸಣ್ಣ ಗಂಟುಗಳು ಸ್ಕ್ಯಾನಿನಲ್ಲಿ ಕಾಣದೆ ಹೋಗಬಹುದು. ಆಗ ಹೊಟ್ಟೆಗೆ ಚಿಕ್ಕ ರಂಧ್ರ ಮಾಡಿ, ಕ್ಯಾಮೆರಾ ಇಳಿಸಿ ನೋಡುವ ಲ್ಯಾಪರೋಸ್ಕೋಪಿ ಮಾಡುತ್ತಾರೆ. ದಿಂಬಂ ಘಾಟಿ ಇಳಿದು ಕೊಯಮತ್ತೂರಿಗೆ ಹೋಗಿ, ಚಾಮರಾಜನಗರದ ಮೇಲೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗಿ, ಡಾಕ್ಟರನ್ನು ಈ ಮೂರು ಮಾತು ಕೇಳಿ: ಪೊರೆಗೆ ಹರಡಿದೆಯೇ? ಲ್ಯಾಪರೋಸ್ಕೋಪಿ ಬೇಕೆ? ಈ ಆಪರೇಷನ್ ವಾಸಿಯಾಗಲೆಂದೋ, ಸಂಕಟ ತಗ್ಗಲೆಂದೋ? ವಿಮಾ ಕಾರ್ಡು ಜೊತೆಗಿರಲಿ. ಅದು ಅಲ್ಲಿ ನಡೆಯುತ್ತದೆಯೇ ಎಂದು ಮೊದಲೇ ವಿಚಾರಿಸಿ.

ಹರಡುವ ಮುನ್ನ ಸಿಕ್ಕಿದರೆ ಆಪರೇಷನ್ನಿನಿಂದ ವಾಸಿಯಾಗುವ ಸಾಧ್ಯತೆ ಇದೆ. ಬಿಡದ ಹೊಟ್ಟೆನೋವು, ನಾಲ್ಕು ತುತ್ತಿಗೇ ಹೊಟ್ಟೆ ತುಂಬುವುದು, ಮೈ ಇಳಿಯುವುದು, ಕಪ್ಪು ಮಲ ಕಂಡರೆ ಗ್ಯಾಸ್ ಎಂದು ಮಾತ್ರೆ ನುಂಗುತ್ತ ಕೂರದೆ ಎಂಡೋಸ್ಕೋಪಿ ಮಾಡಿಸಿ.