ಗಾಯರಾಣವು ಬರಡು ಭೂಮಿಯಲ್ಲ



ಹೋದ ತಿಂಗಳು ತಿಕೋಟಾ ಕಡೆಯ ಒಂದು ಹಳ್ಳಿಯ ಸಭೆಯಲ್ಲಿ ಊರ ಗಾಯರಾಣದ ತುಂಬ ಗಿಡ ಹಚ್ಚುವ ಮಾತು ಬಂದಿತು. ನಾನೂ ಹುರುಪಿನಿಂದ, "ಬರಡು ಬಿದ್ದ ಭೂಮಿ, ಹಸಿರಾಗಲಿ" ಎಂದುಬಿಟ್ಟೆ. ಕುರಿ ಕಾಯುವ ಹಿರಿಯರೊಬ್ಬರು ಎದ್ದು, "ಬರಡು ಯಾರಿಗ್ರೀ ಸಾಹೇಬ್ರ? ನನ್ನ ಕುರಿಗಂತೂ ಅಲ್ರೀ" ಎಂದರು. ಮನೆಗೆ ಬಂದು ವಿಚಾರ ಮಾಡಿದಾಗ ಅವರ ಮಾತೇ ಸರಿಯೆನಿಸಿತು.

ಮಳೆ ಕಡಿಮೆಯಾದ ನಮ್ಮ ಸೀಮೆಯಲ್ಲಿ ಹುಲ್ಲಿನ ಬಯಲನ್ನೇ ನಂಬಿ ಬಾಳುವ ಜೀವಿಗಳು ಅನೇಕ ಉಂಟು. ಚಿಗರಿಯು ಓಡಿ ಜೀವ ಉಳಿಸಿಕೊಳ್ಳುವುದು ಬಯಲಿನಲ್ಲಿ. ಬುರ್ಲಿ, ಟಿಟ್ಟಿಭಗಳು ನೆಲದ ಮೇಲೆಯೇ ತತ್ತಿ ಇಡುವವು. ಚಳಿಗಾಲಕ್ಕೆ ಉತ್ತರ ದೇಶಗಳಿಂದ ಬರುವ ಗಿಡುಗದ ಜಾತಿಯ ಕೆಲವು ಹಕ್ಕಿಗಳು ರಾತ್ರಿ ಹುಲ್ಲಿನಲ್ಲಿ ಮಲಗಿ, ಹಗಲು ಮಿಡತೆ ಹಿಡಿದು ತಿನ್ನುವವು, ಕೂಲಿ ಕೇಳುವುದಿಲ್ಲ.

ಈ ಬಯಲಿನ ಹಿರಿಯ ಹಕ್ಕಿ ಎರೆಭೂತ. ಗಂಡು 15 ಕಿಲೋದವರೆಗೆ ತೂಗುವುದುಂಟು. ನೆಲದ ಮೇಲೆ ಸಾಮಾನ್ಯವಾಗಿ ಒಂದೇ ತತ್ತಿ ಇಡುವುದು. ಅದನ್ನು ನಾಯಿ ತಿಂದರೆ ಇಲ್ಲವೆ ದನ ತುಳಿದರೆ ಆ ಸಲದ ಸಂತಾನ ಹೋಯಿತು. ಬೇಟೆಯಿಂದಲೂ ಬಯಲು ಉಳುಮೆಗೆ ಹೋದುದರಿಂದಲೂ ದಖ್ಖನದಲ್ಲಿ ಇದು ಕ್ಷೀಣಿಸಿತು. 1969ರಲ್ಲಿ ದೇಶದಲ್ಲಿ ಸುಮಾರು 1,260 ಇದ್ದವೆಂದು ಅಂದಾಜು. ಇಂದು 150ರ ಆಸುಪಾಸು, ಅವೂ ಬಹುಪಾಲು ರಾಜಸ್ಥಾನದ ಜೈಸಲ್ಮೇರ ಸೀಮೆಯಲ್ಲಿ. ಅಲ್ಲಿ ಈಗ ವಿದ್ಯುತ್ ತಂತಿಗಳ ಕಾಟ: ಭಾರವಾದ ಹಕ್ಕಿ, ಎದುರಿನ ತಂತಿ ಕಣ್ಣಿಗೆ ಬೀಳುವಷ್ಟರಲ್ಲಿ ತಿರುಗಲಾರದು.

ನಮ್ಮ ರಾಜ್ಯದ ರಾಣಿಬೆನ್ನೂರಿನ ಸಂಗತಿ ಕೇಳಿರಿ. ಅಲ್ಲಿಯ ಹುಲ್ಲು, ಕುರುಚಲಿನ ಭೂಮಿಯಲ್ಲಿ ನೀಲಗಿರಿ ನೆಟ್ಟರು. 1974ರಲ್ಲಿ ಅದು ಚಿಗರಿಗಳ ಅಭಯಾರಣ್ಯವಾಯಿತು. ಚಿಗರಿ ಉಳಿದವು, ಎರೆಭೂತ ಉಳಿಯಲಿಲ್ಲ. ನೆಟ್ಟವರ ಮನಸ್ಸು ಕೆಟ್ಟದ್ದಿರಲಿಲ್ಲ. ಹುಲ್ಲನ್ನು ಬರಡೆಂದು ತಿಳಿದರು, ನನ್ನ ಹಾಗೆಯೇ.

ಏತ ನೀರಾವರಿಯಿಂದ ಕೃಷ್ಣೆಯ ನೀರು ಬಬಲೇಶ್ವರ, ತಿಕೋಟಾ ಕಡೆ ಬಂದಂತೆ ಖುಷ್ಕಿ ಹೊಲಗಳು ತೋಟಗಳಾಗುತ್ತಿವೆ. ಬೇಡವೆನ್ನಲು ನಾನು ಯಾರು? ಆದರೆ ಉಳಿದ ಹುಲ್ಲಿನ ತುಂಡನ್ನಾದರೂ ಬಿಡೋಣ. ಬೇವು, ಹುಣಸೆಗಳಿಗೆ ರಸ್ತೆಯ ಬದಿ, ಹೊಲದ ಬದು, ಮನೆಯ ಹಿತ್ತಲು ಇದ್ದೇ ಇವೆ. ಗಾಯರಾಣದಲ್ಲಿ ಬಳ್ಳಾರಿ ಜಾಲಿ ಎದ್ದಿದ್ದರೆ ಬೇರುಸಹಿತ ಕೀಳಿರಿ. ಬೇಸಿಗೆಯಲ್ಲಿ ಬೆಂಕಿ ಹಚ್ಚಬೇಡಿರಿ. ಮುಂಗಾರಿನಲ್ಲಿ ಒಂದು ಭಾಗಕ್ಕೆ ಎರಡು ತಿಂಗಳು ದನ ಬಿಡದೆ ಕಾಯ್ದರೆ ಹುಲ್ಲು ಬೀಜ ಉದುರಿಸುವುದು, ನೆಲದ ತತ್ತಿಯೂ ಮರಿಯಾಗುವುದು.

ಆ ಹಳ್ಳಿಯ ಸಭೆ ಮತ್ತೆ ಕೂಡಲಿದೆ. ಈ ಸಲ ಕುರಿಯವರನ್ನು ಮುಂದೆ ಕೂಡಿಸಿ, ಗಿಡ ಎಲ್ಲಿ ಹಚ್ಚಬೇಕೆಂದು ಅವರನ್ನೇ ಮೊದಲು ಕೇಳುವವನಿದ್ದೇನೆ.

— ನಿಮ್ಮ ಗ್ರಾಮಸೇವಕ