25 ವರ್ಷ ಅಡಗಿದ್ದ ‘ಶೆಲ್‌ಶಾಕ್’: ಅಪ್‌ಡೇಟ್ ನಾಳೆಗೆ ಇಡುವವರು ಓದಲೇಬೇಕಾದ ಕತೆ

ಅಂಗಡಿಯ ಹುಡುಗನಿಗೆ ಗಿರಾಕಿಯ ವಿಳಾಸವಿರುವ ಚೀಟಿ ಸಿಕ್ಕಿತು ಅಂತಿಟ್ಟುಕೊಳ್ಳಿ. ವಿಳಾಸ ಬರೆದಿಟ್ಟುಕೊಂಡರೆ ಅವನ ಕೆಲಸ ಮುಗಿಯಿತು. ಆದರೆ ವಿಳಾಸದ ಕೆಳಗೆ ಯಾರೋ ‘ಗಲ್ಲಾಪೆಟ್ಟಿಗೆ ತೆಗೆದು ಕೊಡು’ ಎಂದು ಬರೆದಿದ್ದಾರೆ. ಹುಡುಗ ಹಿಂದೆ ಮುಂದೆ ನೋಡದೆ ಕೊಟ್ಟೇಬಿಟ್ಟ! 2014ರಲ್ಲಿ ಜಗತ್ತನ್ನೇ ಬೆಚ್ಚಿಬೀಳಿಸಿದ ‘ಶೆಲ್‌ಶಾಕ್’ ದೋಷ ಹೆಚ್ಚುಕಮ್ಮಿ ಇದೇ.

ಲಿನಕ್ಸ್ ಕಂಪ್ಯೂಟರ್‌ಗಳಲ್ಲಿ ನಾವು ಟೈಪ್ ಮಾಡಿದ ಆಜ್ಞೆಯನ್ನು ನಡೆಸಿಕೊಡುವ ತಂತ್ರಾಂಶಕ್ಕೆ ‘ಶೆಲ್’ ಅಂತಾರೆ. ಅದರಲ್ಲಿ ಹೆಚ್ಚು ಬಳಕೆಯಲ್ಲಿರುವುದು ‘ಬ್ಯಾಶ್’. 1989ರಲ್ಲಿ ಬ್ರಯಾನ್ ಫಾಕ್ಸ್ ಇದನ್ನು ಬರೆದರು. ಆ ವರ್ಷವೇ ಸೇರಿಕೊಂಡ ತಪ್ಪೊಂದು 25 ವರ್ಷ ಯಾರ ಗಮನಕ್ಕೂ ಬರಲಿಲ್ಲ. 2014ರ ಸೆಪ್ಟೆಂಬರ್‌ನಲ್ಲಿ ಸ್ಟೆಫಾನ್ ಶಾಜಲಾಸ್ ಅದನ್ನು ಪತ್ತೆ ಹಚ್ಚಿದರು. ಸೆ. 24ರಂದು ಸುದ್ದಿ ಬಹಿರಂಗವಾಯಿತು.

ತಪ್ಪು ಏನು? ಒಂದು ಪ್ರೋಗ್ರಾಂ ಇನ್ನೊಂದಕ್ಕೆ ದಾಟಿಸುವ ಮಾಹಿತಿಯಲ್ಲಿ ‘ಫಂಕ್ಷನ್’ ಇದ್ದರೆ ಬ್ಯಾಶ್ ಅದನ್ನು ಓದಿಕೊಳ್ಳುತ್ತಿತ್ತು. ಆದರೆ ಫಂಕ್ಷನ್ ಮುಗಿದಲ್ಲಿಗೆ ನಿಲ್ಲುತ್ತಿರಲಿಲ್ಲ. ಅದರ ಹಿಂದೆ ಅಂಟಿಸಿದ ಆಜ್ಞೆಯನ್ನೂ ನಡೆಸಿಬಿಡುತ್ತಿತ್ತು. ಕೆಲವು ವೆಬ್‌ಸೈಟ್‌ಗಳು ಬಂದವರ ಬ್ರೌಸರ್ ಹೆಸರನ್ನು ಇದೇ ದಾರಿಯಲ್ಲಿ ಬ್ಯಾಶ್‌ಗೆ ಕೊಡುತ್ತಿದ್ದವು. ಹೆಸರಿನ ಜಾಗದಲ್ಲಿ ಆಜ್ಞೆ ಬರೆದರೆ ಸಾಕು, ಪಾಸ್‌ವರ್ಡ್ ಇಲ್ಲದೆಯೇ ಸರ್ವರ್ ಕಳ್ಳನ ಮಾತು ಕೇಳುತ್ತಿತ್ತು. ಅಪಾಯದ ಅಳತೆಯಲ್ಲಿ ಇದಕ್ಕೆ 10ಕ್ಕೆ 10 ಸಿಕ್ಕಿತು.

ಸುದ್ದಿ ಹೊರಬಿದ್ದ ಬೆನ್ನಿಗೇ ದಾಳಿಗಳೂ ಶುರುವಾದವು. ಮೊದಲ ರಿಪೇರಿ ಅರೆಬರೆಯಾಗಿತ್ತು. ಮತ್ತೆ ಹುಡುಕಿದಾಗ ಇನ್ನಷ್ಟು ತೂತುಗಳು ಸಿಕ್ಕಿ, ಒಟ್ಟು 6 ದೋಷಗಳು ದಾಖಲಾದವು. ಅಂದು ಒಮ್ಮೆ ಅಪ್‌ಡೇಟ್ ಮಾಡಿ ‘ಮುಗೀತು’ ಅಂತ ಕುಳಿತವರು ಸುರಕ್ಷಿತರಾಗಿರಲಿಲ್ಲ.

ಗಮನಿಸಬೇಕಾದ ಇನ್ನೊಂದು ವಿಷಯವಿದೆ. ಇಷ್ಟು ಸರ್ವರ್‌ಗಳು ನೆಚ್ಚಿಕೊಂಡಿದ್ದ ಬ್ಯಾಶ್ ಅನ್ನು ಆಗ ನೋಡಿಕೊಳ್ಳುತ್ತಿದ್ದದ್ದು ಚೆಟ್ ರಮಿ ಎಂಬ ಒಬ್ಬರೇ ಸ್ವಯಂಸೇವಕ. ಎಲ್ಲರೂ ಬಳಸುವ ವಸ್ತುವನ್ನು ಯಾರೋ ಪರೀಕ್ಷಿಸಿರ್ತಾರೆ ಅಂತ ಎಲ್ಲರೂ ನಂಬಿದ್ದರು. ಕಂಪ್ಯೂಟರ್ ಕಲಿಯುವ ನಮ್ಮ ಯುವಕರಿಗೆ ಇಲ್ಲಿ ದೊಡ್ಡ ಕೆಲಸವೇ ಇದೆ.

ಉಳಿದವರು ಮಾಡಬೇಕಾದ್ದು ಇಷ್ಟೆ. ಅಂಗಡಿ, ಮದ್ರಸ, ಸಂಘಟನೆ ಯಾವುದರದ್ದೇ ವೆಬ್‌ಸೈಟ್ ಇರಲಿ, ಅದರ ಸರ್ವರ್ ಕೊನೆಯ ಬಾರಿ ಅಪ್‌ಡೇಟ್ ಆದದ್ದು ಯಾವಾಗ ಅಂತ ನೋಡಿಕೊಳ್ಳುವವರನ್ನು ಇವತ್ತೇ ಕೇಳಿ. ಉತ್ತರ ಕೊಡಲು ಅವರು ತಡವರಿಸಿದರೆ, ಬೀಗ ಹಾಕದೆ ಅಂಗಡಿ ಬಿಟ್ಟು ಬಂದಂತೆಯೇ.